ವಾಕ್ಯಗಳನ್ನು ಬಡಿದು ನೋಡಿದ ವೈನಿ

ಆ ವರ್ಷ ವಾಡಿಯ ಮನೆಯಲ್ಲಿ ಕುಳಿತು ನಾನು ಇಂಗ್ಲಿಷಿನ ಒಂದು ವಾಕ್ಯವನ್ನು ತಪ್ಪಾಗಿ ಓದಿದೆನೋ ಇಲ್ಲವೋ ವರ್ಷಗಟ್ಟಲೆ ನನಗೆ ಖಚಿತವಿರಲಿಲ್ಲ. ಓದಿದೆ ಎನ್ನುತ್ತಾರೆ ವೈನಿ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಕೇಳಿದವರಿಗೆ ನಾನು ಕೆಲವು ಸಲ, ಅಂಥದ್ದೇನೂ ನಡೆಯಲೇ ಇಲ್ಲ ಎಂದಿದ್ದೇನೆ. ಇನ್ನು ಕೆಲವು ಸಲ, ಓದಿದ್ದು ನಿಜ, ಆದರೆ ಅವರ ಕಿವಿಯನ್ನು ಪರೀಕ್ಷಿಸಲು ಬೇಕೆಂದೇ ಓದಿದೆ ಎಂದಿದ್ದೇನೆ. ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುವ ಸಾಕ್ಷಿಯನ್ನು ಯಾರೂ ನಂಬಬಾರದು. ನಾನೂ ನಂಬುವುದಿಲ್ಲ.

ಈ ಕತೆಯನ್ನು ನನ್ನ ತರಗತಿಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದು ನೆಲಕ್ಕೆ ಹಾಸಲು ಪಾಲಿಶ್ ಹಿಡಿಸಿದ ಫರಸಿ ಕಲ್ಲಿನ ಹಾಗೆ ಇನ್ನಷ್ಟು ನುಣುಪಾಗುತ್ತದೆ. ನುಣುಪಾದ ಕತೆಗಳ ಬಗ್ಗೆ ನನಗೆ ಅನುಮಾನ. ಆದ್ದರಿಂದ ಇಲ್ಲಿ ನೆನಪಿದ್ದಷ್ಟನ್ನು, ನೆನಪಿಲ್ಲದ್ದನ್ನು ನೆನಪಿಲ್ಲವೆಂದೇ ಬರೆಯುತ್ತೇನೆ.

ನಾನು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಬಂದಾಗಿನಿಂದ ಅತಿಥಿ ಉಪನ್ಯಾಸಕ. ಅತಿಥಿ ಎಂಬ ಮಾತಿಗೆ ತಕ್ಕ ಹಾಗೆ ಎಲ್ಲಿಯೂ ನೆಲೆ ನಿಂತವನಲ್ಲ. ಒಂದು ವರ್ಷ ಸೇಡಂ, ಎರಡು ವರ್ಷ ಚಿತ್ತಾಪುರ, ನಡುವೆ ಕೆಲವು ತಿಂಗಳು ಶಹಾಬಾದ್, ಈಗ ಚಿಂಚೋಳಿ. ಚಿತ್ತಾಪುರದ ವರ್ಷಗಳಲ್ಲಿ ವಾಡಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಲ್ಲಿಂದ ಬೆಳಿಗ್ಗೆ ಪ್ಯಾಸೆಂಜರ್ ಹಿಡಿದರೆ ಚಿತ್ತಾಪುರ ದೂರವಲ್ಲ. ಅಣ್ಣ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಗಾರ. ವೈನಿ ಹತ್ತಿರದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅಂದರೆ ಒಂದೇ ಮನೆಯಲ್ಲಿ ಇಬ್ಬರು ಅತಿಥಿಗಳು. ಪ್ರತಿ ಜೂನ್‌ನಲ್ಲಿ ಇಬ್ಬರೂ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಮೊಬೈಲನ್ನು ಕೈಯಿಂದ ಕೆಳಗಿಡದೆ ಓಡಾಡುತ್ತಿದ್ದೆವು.

ವ್ಯತ್ಯಾಸ ಒಂದೇ. ನನಗೆ ಇನ್ನೂ ವಯಸ್ಸಿತ್ತು, ವೈನಿಗೆ ಇರಲಿಲ್ಲ. ಕಾಯಂ ಶಿಕ್ಷಕಿಯಾಗಬೇಕಾದರೆ ಮೊದಲು ಅರ್ಹತಾ ಪರೀಕ್ಷೆ ಪಾಸಾಗಬೇಕು, ಆಮೇಲೆ ನೇಮಕಾತಿಗೆ ಅರ್ಜಿ ಹಾಕಬೇಕು. ಮುಂದಿನ ನೇಮಕಾತಿಯ ಮಾತು ಕೇಳಿಬರುತ್ತಿತ್ತು. ಅದು ತಪ್ಪಿದರೆ ಇನ್ನೊಂದು ಬರುವ ಹೊತ್ತಿಗೆ ವೈನಿಯ ವಯೋಮಿತಿ ದಾಟಿರುತ್ತದೆ. ಅರ್ಹತಾ ಪರೀಕ್ಷೆಯನ್ನು ಅವರು ಆಗಲೇ ಎರಡು ಸಲ ಬರೆದಿದ್ದರು. ಎರಡೂ ಸಲ ಬೇರೆ ಎಲ್ಲ ವಿಷಯಗಳಲ್ಲಿ ಗಳಿಸಿದ್ದನ್ನು ಇಂಗ್ಲಿಷ್ ನುಂಗಿತ್ತು. ಇಂಗ್ಲಿಷಿನಲ್ಲೂ ಅವರನ್ನು ಕಾಡುತ್ತಿದ್ದದ್ದು ಒಂದು ಚಿಕ್ಕ ಮೂಲೆ: ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಬಂದಾಗ ಎರಡನೆಯದಕ್ಕೆ ‘ಇಂಗ್’ ಹಚ್ಚಬೇಕೋ, ಅದರ ಮುಂದೆ ‘ಟು’ ಇಡಬೇಕೋ. ಜೆರಂಡ್, ಇನ್ಫಿನಿಟಿವ್ ಎಂದು ಪುಸ್ತಕಗಳು ಕರೆಯುವುದು ಇದನ್ನೇ. ‘ಎಂಜಾಯ್’ ಬಂದರೆ ‘ರೀಡಿಂಗ್’, ‘ವಾಂಟ್’ ಬಂದರೆ ‘ಟು ರೀಡ್’. ಬಿಟ್ಟ ಸ್ಥಳ ತುಂಬಿ ಎಂಬ ಪ್ರಶ್ನೆಗಳಲ್ಲಿ ಇವು ಕಳ್ಳರ ಹಾಗೆ ಅಡಗಿ ಕುಳಿತಿರುತ್ತವೆ.

ಒಂದು ದಿನ ಶಿಫ್ಟ್ ಮುಗಿಸಿ ಬಂದ ಅಣ್ಣ ಊಟಕ್ಕೆ ಕುಳಿತಾಗ ನನ್ನನ್ನು ಚುಚ್ಚಿದ.

“ಇಂಗ್ಲಿಷ್ ಎಂ.ಎ. ಮಾಡಿದಾವ ಮನ್ಯಾಗೇ ಇದ್ದಾನ. ನಿಮ್ಮ ವೈನಿಗಿ ಒಂದು ಪೇಪರ್ ದಾಟಸಾಕ ಆಗಂಗಿಲ್ಲೇನೋ?”

“ಅವನಿಗಿ ಯಾಕ ಅಂತೀರಿ,” ಎಂದರು ವೈನಿ. “ಪೇಪರ್ ಬರಿಯಾಕಿ ನಾನು. ಪಾಪ, ತಮ್ಮ ಬಂದು ಬರೀತಾನೇನು?”

ವೈನಿ ನನಗಿಂತ ಐದಾರು ವರ್ಷ ದೊಡ್ಡವರು. ನನ್ನನ್ನು ಕರೆಯುವುದು ‘ತಮ್ಮಾ’ ಎಂದೇ. ಸಿಟ್ಟು ಬಂದಾಗ ಮಾತ್ರ ‘ಪ್ರೊಫೆಸರ್ರೇ’.

ಮರುದಿನವೇ ನಾನು ಅಡುಗೆಮನೆಯ ಗೋಡೆಗೆ ಎರಡು ದೊಡ್ಡ ಹಾಳೆ ಅಂಟಿಸಿದೆ. ಎಡಗಡೆ ಇಂಗ್ ಬಯಸುವ ಕ್ರಿಯಾಪದಗಳು, ಬಲಗಡೆ ಟು ಬಯಸುವವು. ಪಟ್ಟಿಯ ಕೆಳಗೆ ಎಂದಿನ ನನ್ನ ಕ್ರಮದಂತೆ ತಪ್ಪು ವಾಕ್ಯಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಕೆಂಪು ಪೆನ್ನಿನಿಂದ ಅಡ್ಡ ಗೆರೆ ಎಳೆದೆ. ಹೀಗೆ ಬರೆಯಬಾರದು, ಹೀಗೆ ಬರೆಯಬಾರದು. ನನ್ನ ಗುರುಗಳು ನನಗೆ ಹಾಗೆಯೇ ಕಲಿಸಿದ್ದರು, ನಾನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಹಾಗೆಯೇ ಕಲಿಸಿದ್ದೆ. ಜೊತೆಗೆ ಒಂದು ಸೂತ್ರವನ್ನೂ ಕೊಟ್ಟೆ. ಆಗಿಹೋದದ್ದಕ್ಕೆ, ನಡೆಯುತ್ತಿರುವುದಕ್ಕೆ ಇಂಗ್. ಇನ್ನು ಮುಂದೆ ಆಗಬೇಕಾದ್ದಕ್ಕೆ ಟು.

ವೈನಿ ಜೋಳದ ಹಿಟ್ಟು ನಾದುತ್ತ ಪಟ್ಟಿಯನ್ನು ನೋಡಿದರು.

“ತಮ್ಮಾ, ಈ ಸಜೆಸ್ಟ್ ಯಾಕ ಈ ಕಡಿ ಹಾಕೀದಿ? ನಾಳೆ ಸೇಡಂಗ ಹೋಗೋಣು ಅಂತ ನಾ ಸಜೆಸ್ಟ್ ಮಾಡಿದ್ರ, ಹೋಗೋದು ಮುಂದಿಂದೇ ಆತಲ್ಲ? ಟು ಬರಬೇಕಾಗಿತ್ತಲ್ಲ?”

“ಅದು ಅಪವಾದ, ವೈನಿ.”

“ಮತ್ತ ಈ ಅವಾಯ್ಡ್?”

“ಅದೂ ಒಂದು ನಮೂನಿ ಅಪವಾದನೇ.”

“ಅಂದ್ರ ನಿನ್ನ ಸೂತ್ರ ಯಾರಿಗಿ ಲಾಗೂ ಆಗ್ತದ ಅಂತ ಅದೊಂದು ಯಾದಿ ಮಾಡಿ ಕೊಡಲ್ಲ!”

ಆಮೇಲೆ ಅವರು ಹೇಳಿದ ಮಾತು ನನ್ನ ಪ್ರಕಾರ ಅದೇ ದಿನದ್ದು, ಅವರ ಪ್ರಕಾರ ಎಷ್ಟೋ ದಿನಗಳ ನಂತರದ್ದು. ಮಾತು ಮಾತ್ರ ಇದು: “ನಾವು ಓದಾಕ ಬಂದೆ ಅಂತೀವಿ, ಓದೋದು ಬಿಟ್ಟೆ ಅಂತೀವಿ. ಓದೋದು ಬಂದೆ ಅಂತ ಯಾರರ ಅಂತಾರೇನು? ನಮಗ ಇದಕ್ಕ ಯಾವ ಮಾಸ್ತರ ಯಾದಿ ಕೊಟ್ಟಿದ್ದ?”

ಮೂರು ವಾರ ಪಟ್ಟಿ ಓದಿದರು. ರೊಟ್ಟಿ ಬಡಿಯುವಾಗ, ಶಾಲೆಯ ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ. ಆಮೇಲೆ ನಾನು ಹಳೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಪರೀಕ್ಷೆ ಕೊಟ್ಟೆ. ಅರ್ಧಕ್ಕಿಂತ ಹೆಚ್ಚು ತಪ್ಪು. ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದಂತೆ ನನಗೆ ಒಂದು ವಿಚಿತ್ರ ಕಂಡಿತು. ಅವರು ಆರಿಸಿದ ತಪ್ಪು ಉತ್ತರಗಳು ಎಲ್ಲೋ ನೋಡಿದಂತಿದ್ದವು. ಗೋಡೆಯ ಕಡೆ ತಿರುಗಿ ನೋಡಿದೆ. ಒಂದೊಂದೂ ಅಲ್ಲಿದ್ದವು, ನನ್ನದೇ ದಪ್ಪ ಅಕ್ಷರದಲ್ಲಿ.

“ವೈನಿ, ಇವನ್ನ ನಾ ಅಡ್ಡಗೆರಿ ಹಾಕಿ ತೋರಿಸೀನಲ್ರಿ?”

“ಹಾಕೀದಿ. ಅಡ್ಡಗೆರಿ ಕಣ್ಣಿಗಿ ಕಾಣ್ತದ ಪ್ರೊಫೆಸರ್ರೇ, ಕಿವಿಗಿ ಹ್ಯಾಂಗ ಕಾಣ್ತದ? ನಾನು ರೊಟ್ಟಿ ಬಡಕೋತ ಬಾಯಿಲೆ ಅನ್ನಾಕಿ. ಎಂಜಾಯ್ ಟು ರೀಡ್, ಎಂಜಾಯ್ ಟು ರೀಡ್ ಅಂತ ಇಪ್ಪತ್ತು ಸಲ ಅಂದ ಮ್ಯಾಲ ಅದೇ ಖರೇ ಅನಸ್ತದ.”

ನಾನು ಏನೋ ಸಮಜಾಯಿಷಿ ಹೇಳಿದೆ. ಏನೆಂದು ನೆನಪಿಲ್ಲ, ನೆನಪಿಡುವಂಥದ್ದು ಇದ್ದಿರಲಾರದು. ವೈನಿ ಉತ್ತರ ಪತ್ರಿಕೆಯನ್ನು ಮಡಚಿ ಹಿಟ್ಟಿನ ಡಬ್ಬಿಯ ಕೆಳಗಿಟ್ಟರು. ಅಳಲಿಲ್ಲ. “ನಾಳೆ ಐತವಾರ. ಶಹಾಬಾದ್‌ಗ ಅಪ್ಪನ ಕಡಿ ಹೋಗಿ ಬರೋಣು, ನೀನೂ ಬಾ,” ಎಂದರು.

ವೈನಿಯ ತವರು ಶಹಾಬಾದ್. ಅವರ ತಂದೆ ಕಲ್ಲಿನ ಅಡ್ಡೆಯಲ್ಲಿ ಫರಸಿ ಆರಿಸುವ ಕೆಲಸ ಮಾಡಿ ವಯಸ್ಸಾದವರು. ಗಣಿಯಿಂದ ಬಂದ ಕಲ್ಲಿನ ಚಪ್ಪಡಿಗಳಲ್ಲಿ ಗಟ್ಟಿಯಾದದ್ದು ಯಾವುದು, ಒಳಗೇ ಒಡಕು ಬಿಟ್ಟದ್ದು ಯಾವುದು ಎಂದು ಪಾಲಿಶ್ ಯಂತ್ರಕ್ಕೆ ಹೋಗುವ ಮೊದಲೇ ಬೇರ್ಪಡಿಸುವವರು. ಒಡಕು ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಬಡಿದು ಕೇಳಬೇಕು. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಬೆಳಗಾದರೆ ಅಡ್ಡೆಗೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತಿರುತ್ತಿದ್ದರು. ನಾವು ಹೋದಾಗಲೂ ಅಲ್ಲಿಯೇ ಇದ್ದರು. ಸುತ್ತ ಫರಸಿಗಳು ಕಪಾಟಿನ ಪುಸ್ತಕಗಳ ಹಾಗೆ ಅಂಚಿನ ಮೇಲೆ ಸಾಲಾಗಿ ನಿಂತಿದ್ದವು. ಕಾಲಡಿಯಲ್ಲಿ ಪಾಲಿಶ್ ಯಂತ್ರದಿಂದ ಹರಿದುಬಂದ ಬೂದು ಕೆಸರು.

“ಬರ್ರಿ ಬೀಗರ, ಕುಂದ್ರಿ,” ಎಂದರು ಮುದುಕರು. “ಭಾಳ ದಿನಕ್ಕ ಬಂದ್ರಿ. ನನ್ನ ಮಗಳಿಗಿ ಇಂಗ್ಲಿಷ್ ಕಲಸಾಕತ್ತೀರಂತ. ಹತ್ತಲಿಕತ್ತದೇನು?”

“ಇಲ್ಲಪ್ಪಾ,” ಎಂದರು ವೈನಿ. “ಇವರಿಗಿ ನಮ್ಮ ಕೆಲಸ ಒಂದು ಸ್ವಲ್ಪ ತೋರಸು.”

ಮುದುಕರು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ನಾಲ್ಕು ಫರಸಿಗಳನ್ನು ತೋರಿಸಿದರು. ಇವುಗಳಲ್ಲಿ ಒಡಕು ಯಾವುದು ಹೇಳಿ ಎಂದರು. ನಾನು ಒಂದೊಂದನ್ನೂ ಬಡಿದೆ. ನಾಲ್ಕೂ ನನಗೆ ಒಂದೇ ಥರ ಕೇಳಿಸಿದವು. ಸೋಲೊಪ್ಪಲು ಮನಸ್ಸಿಲ್ಲದೆ ಮೂರನೆಯದನ್ನು ತೋರಿಸಿದೆ.

“ಅದು ಈ ನಾಲ್ಕರಾಗ ಭಾಳ ಛಲೋ ಕಲ್ಲು ರೀ ಬೀಗರ!” ಎಂದು ಮುದುಕರು ನಕ್ಕರು. ಪಾಲಿಶ್ ಯಂತ್ರದ ಹತ್ತಿರ ಇದ್ದವರೂ ನಕ್ಕರು. “ಓದೋದು ಭಾಳ ಆಗಿ ಕಿವಿ ತುಂಬ್ಯಾವ ನೋಡ್ರಿ.”

ವೈನಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸುತ್ತಿಗೆ ತೆಗೆದುಕೊಂಡರು. ಚಿಕ್ಕಂದಿನಲ್ಲಿ ತಂದೆಗೆ ಬುತ್ತಿ ಒಯ್ಯುತ್ತಿದ್ದಾಗ ಕಲಿತದ್ದಂತೆ. ಕಣ್ಣು ಮುಚ್ಚಿ ನಾಲ್ಕನ್ನೂ ಒಂದೊಂದು ಸಲ ಬಡಿದರು. ಮೊದಲನೆಯದು ಟಣ್, ಎರಡನೆಯದು ಟಣ್, ಮೂರನೆಯದು ಟಣ್. ನಾಲ್ಕನೆಯದಕ್ಕೆ ಕಣ್ಣು ತೆರೆದು, “ಇದು ಥಪ್ ಅಂತದ,” ಎಂದರು. ನನಗೆ ಆಗಲೂ ಅದು ಟಣ್ ಎಂದೇ ಕೇಳಿಸಿತ್ತು.

ನಾನು ಸುಲಭಕ್ಕೆ ನಂಬುವವನಲ್ಲ. ಅಪ್ಪ ಮಗಳು ಕಣ್ಸನ್ನೆ ಮಾಡಿಕೊಂಡಿರಬಹುದು ಎಂದು ನೇರವಾಗಿ ಕೇಳಿಯೇಬಿಟ್ಟೆ. ಮುದುಕರಿಗೆ ಬೇಸರವಾಗಲಿಲ್ಲ. ಆ ಫರಸಿಯ ಮೇಲೆ ಒಂದು ಚೊಂಬು ನೀರು ಸುರಿದು ಕೈಯಿಂದ ಸವರಿ, “ಈಗ ನೋಡ್ಕೋತ ಕುಂದ್ರಿ,” ಎಂದರು. ಬಿಸಿಲಿಗೆ ಕಲ್ಲು ಒಣಗುತ್ತ ಬಂತು. ಎಲ್ಲ ಕಡೆ ಒಣಗಿದ ಮೇಲೂ ಮೂಲೆಯಿಂದ ನಡುವಿನ ತನಕ ಕೂದಲೆಳೆಯಂಥ ಒಂದು ಕಪ್ಪು ಗೆರೆ ತೇವವಾಗಿಯೇ ಉಳಿಯಿತು. ಒಡಕಿನೊಳಗೆ ನೀರು ನಿಂತಿತ್ತು. ಕಾಲಿನ ಕೆಳಗೆ ಇಂಥದ್ದೇ ಫರಸಿ ಹಾಸಿದ ಮನೆಗಳಲ್ಲಿ ಹುಟ್ಟಿ ಬೆಳೆದವನು ನಾನು. ಅದರ ಒಳಗನ್ನು ಹೀಗೆ ನೋಡಬಹುದೆಂದು ಗೊತ್ತಿರಲಿಲ್ಲ.

“ಇದನ್ನ ಹ್ಯಾಂಗ ಕಲಸ್ತೀರಿ?” ಎಂದು ಕೇಳಿದೆ. “ಎರಡೂ ಥರದ ಕಲ್ಲು ಬಡಿಸಿ ಫರಕ ತೋರಿಸ್ತೀರೇನು?”

“ಬಿಲ್ಕುಲ್ ಇಲ್ಲ!” ಎಂದರು ಮುದುಕರು, ನಾನೇನೋ ಅಸಹ್ಯದ ಮಾತು ಆಡಿದ ಹಾಗೆ. “ಹೊಸಬ ಬಂದ್ರ ಒಂದು ಅಮಾಸಿಯಿಂದ ಇನ್ನೊಂದು ಅಮಾಸಿ ತನಕ ಛಲೋ ಕಲ್ಲು ಅಷ್ಟೇ ಬಡಿಯಾಕ ಕೊಡ್ತಿದ್ದಿವಿ. ಒಡಕು ಕಲ್ಲಿನ ಆವಾಜು ಅವನ ಕಿವಿಗಿ ಬೀಳಬಾರದು. ದಿನಾ ಟಣ್ ಟಣ್ ಟಣ್. ಕಿವಿ ತುಂಬ ಅದೇ ಆಗಬೇಕು. ಆಮ್ಯಾಲ ಒಂದಿನ ಅವನಿಗಿ ಹೇಳದೇ ಒಂದು ಒಡಕು ನಡುವ ಇಡ್ತೀವಿ. ಅವ ತಾನೇ ಸುತ್ತಿಗೆ ನಿಂದರಸ್ತಾನ. ಮೊದಲೇ ಎರಡೂ ಕೇಳಸಿದ್ರ ಎರಡೂ ಛಲೋ ಅನಸ್ತಾವ, ಕಿವಿ ಕೆಡ್ತದ.”

ಇದು ಆ ಅಡ್ಡೆಯ ಎಲ್ಲರ ಪದ್ಧತಿಯೋ, ಅವರೊಬ್ಬರದೋ, ಅಥವಾ ಬೀಗರ ಮುಂದೆ ಅವರು ಸ್ವಲ್ಪ ಬಣ್ಣ ಹಚ್ಚಿ ಹೇಳಿದ್ದೋ ನನಗೆ ಗೊತ್ತಿಲ್ಲ. ಈಗ ಕೇಳೋಣವೆಂದರೆ ಮುದುಕರಿಲ್ಲ. ಆದರೆ ಆ ಮಾತು ಕೇಳಿದಾಗ ವೈನಿ ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. ನನ್ನ ಮರ್ಯಾದೆ ಉಳಿಸಲು ಹಾಗೆ ಮಾಡಿದರು ಎಂಬುದು ನನ್ನ ಊಹೆ. ವರ್ಷಗಟ್ಟಲೆ ಎಷ್ಟೊಂದು ತರಗತಿಗಳ ಕಿವಿಗೆ ನಾನು ಒಡಕು ಕಲ್ಲನ್ನೇ ಬಡಿದು ಬಡಿದು ಕೇಳಿಸಿದ್ದೆನಲ್ಲ ಎಂದು ಅಲ್ಲಿ ನಿಂತಲ್ಲಿಯೇ ಹೊಳೆದಿತ್ತು.

ಹೊರಡುವಾಗ ಮುದುಕರು ಮಗಳಿಗೆ ಒಂದು ಫರಸಿಯ ತುಂಡು ಕೊಟ್ಟರು. ಹೋಳಿಗೆಯಷ್ಟು ಅಗಲ, ಒಳ್ಳೆಯ ಕಲ್ಲು. ಬಸ್ಸಿನಲ್ಲಿ ವೈನಿ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಮನೆಗೆ ಬಂದವರೇ ಗೋಡೆಯ ಹಾಳೆಗಳನ್ನು ಕಿತ್ತರು.

“ತಮ್ಮಾ, ಇವತ್ತಿನಿಂದ ಬರೋಬ್ಬರಿ ಇದ್ದದ್ದು ಅಷ್ಟೇ ಓದು. ಗಲತ್ ಇದ್ದದ್ದು ನನ್ನ ಮುಂದ ಬಾಯಿಲೆ ಅನಬ್ಯಾಡ, ಕೈಲೆ ಬರಿಬ್ಯಾಡ.”

“ವೈನಿ, ಪರೀಕ್ಷಾದಾಗ ನಾಲ್ಕು ಉತ್ತರ ಕೊಡ್ತಾರ. ಮೂರು ತಪ್ಪೇ ಇರ್ತಾವ.”

“ಅಲ್ಲಿ ಇರಲಿ. ಅಲ್ಲಿಗಿ ನಾ ಸುತ್ತಿಗೆ ಹಿಡಕೊಂಡು ಹೋಗ್ತೀನಿ. ಈಗ ಬ್ಯಾಡ.”

ಹಾಗೆ ಶುರುವಾಯಿತು. ನಾನು ವಾಕ್ಯಗಳನ್ನು ಬರೆದು ಓದಬೇಕು, ಅವರ ಮೊಬೈಲಿನಲ್ಲಿ ಅದು ರೆಕಾರ್ಡ್ ಆಗಬೇಕು. ಮರುದಿನ ಶಾಲೆಯ ದಾರಿಯಲ್ಲಿ ಅವರು ಅದನ್ನೇ ಮತ್ತೆ ಕೇಳುವರು. ಓದುವಾಗ ಎದುರಿಗೆ ಗೋಡೆಗೊರಗಿಸಿದ ಫರಸಿಯ ತುಂಡು, ಅವರ ಕೈಯಲ್ಲೊಂದು ಸ್ಟೀಲ್ ಚಮಚ. ನಾನು ಒಂದು ವಾಕ್ಯ ಓದುವುದು, ಅವರು ಅದನ್ನು ಬಾಯಲ್ಲಿ ಒಮ್ಮೆ ಹೇಳಿ ಕಲ್ಲನ್ನು ಬಡಿಯುವುದು, ಟಣ್. ಮುಂದಿನ ವಾಕ್ಯ. ಟಣ್.

ಕೇವಲ ಸರಿಯಾದ ವಾಕ್ಯಗಳನ್ನು ಬರೆಯುವುದು ಇಷ್ಟು ಕಷ್ಟವೆಂದು ನಾನು ಎಣಿಸಿರಲಿಲ್ಲ. ನನ್ನ ಟಿಪ್ಪಣಿಗಳನ್ನೆಲ್ಲ ತೆಗೆದು ನೋಡಿದರೆ ಅರ್ಧ ಪುಟಗಳಲ್ಲಿ ತಪ್ಪುಗಳ ಸಂಗ್ರಹವೇ ಇತ್ತು. ಉಳಿದ ವಾಕ್ಯಗಳು ವೈನಿಗೆ ಹಿಡಿಸಲಿಲ್ಲ.

“ಈ ಜಾನ್ ಯಾವಾಗಲೂ ಸ್ವಿಮಿಂಗ್‌ಗ ಯಾಕ ಹೋಗ್ತಾನ? ಅವನಿಗಿ ಬ್ಯಾರೆ ಕೆಲಸಿಲ್ಲೇನು? ಜಾನ್ ಬ್ಯಾಡ. ಲಂಡನ್ ಬ್ಯಾಡ. ಮಳಖೇಡ ಹಾಕು, ಕಾಳಗಿ ಹಾಕು. ಶೇಂಗಾ ಹಾಕು.”

ಹೀಗಾಗಿ ನಮ್ಮ ವಾಕ್ಯಗಳಲ್ಲಿ ಮಳಖೇಡದ ಕೋಟೆ ನೋಡಲು ಜನ ನಿರ್ಧರಿಸಿದರು, ಕಾಳಗಿಯ ಮೊದಲ ಬಸ್ಸು ಹಿಡಿಯಲು ಆಶಿಸಿದರು, ಶೇಂಗಾ ಹುರಿಯುವುದನ್ನು ಆನಂದಿಸಿದರು, ಸುಲೇಪೇಟದ ಸಂತೆಗೆ ಹೋಗುವುದನ್ನು ತಪ್ಪಿಸಿದರು. ‘ಶಿ ಡಿಸೈಡೆಡ್ ಟು ಕ್ರಾಸ್ ದ ಕಾಗಿಣಾ ರಿವರ್.’ ಟಣ್. ‘ಹಿ ಫಿನಿಶ್ಡ್ ಲೋಡಿಂಗ್ ದ ಲಾರಿ.’ ಟಣ್. ಅಣ್ಣ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗಿದ್ದವನು ಒಳಗಿನಿಂದ ಕೂಗುತ್ತಿದ್ದ, “ಮನಿ ಏನು ಗುಡಿ ಮಾಡೀರೇನು, ಗಂಟಿ ಬಾರಸಾಕತ್ತೀರಿ?”

“ನೀವು ಮಲಗೋದು ಕಂಟಿನ್ಯೂ ಮಾಡ್ರಿ,” ಎನ್ನುತ್ತಿದ್ದರು ವೈನಿ. “ಅದಕ್ಕ ಎರಡೂ ನಡೀತದ.”

ಆ ಮಾತಿಗೆ ನಾನು ಬೆರಗಾದದ್ದು ನೆನಪಿದೆ. ಕೆಲವು ಕ್ರಿಯಾಪದಗಳಿಗೆ ಎರಡೂ ರೂಪ ಸಲ್ಲುತ್ತವೆ ಎಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ, ಬರೀ ಓದಿದ್ದೆ. ಅವರು ತಾವೇ ಕೇಳಿ ಹಿಡಿದಿದ್ದರು.

ಆ ತಿಂಗಳು ಅವರು ದುಡಿದ ರೀತಿಯನ್ನು ನೆನೆದರೆ ಈಗಲೂ ನನಗೆ ಗೌರವ ಉಕ್ಕುತ್ತದೆ. ಮನೆಗೆಲಸ, ಶಾಲೆ, ಮತ್ತೆ ಮನೆಗೆಲಸ. ಅದರ ನಡುವೆ ದಿನಕ್ಕೆ ನೂರು ವಾಕ್ಯ. ವಿಶ್ವವಿದ್ಯಾಲಯದಲ್ಲಿ ನನಗೆ ಭಾಷೆಯ ಕಲಿಕೆಯ ಬಗ್ಗೆ ಹಲವು ಸಿದ್ಧಾಂತಗಳನ್ನು ಕಲಿಸಿದ್ದರು. ತನ್ನ ಕಿವಿ ಕೆಡುತ್ತಿದೆ ಎಂದು ತಾನೇ ಕಂಡುಕೊಂಡು, ಅದಕ್ಕೆ ಮದ್ದು ಯಾವ ಊರಿನಲ್ಲಿದೆ ಎಂದು ಯೋಚಿಸಿ, ಕಲಿಸುವವನನ್ನೂ ಅಲ್ಲಿಗೆ ಕರೆದುಕೊಂಡು ಹೋದ ವಿದ್ಯಾರ್ಥಿಯನ್ನು ನಾನು ಮತ್ತೆ ಕಂಡಿಲ್ಲ.

ವೈನಿ ಹೇಳುವ ಘಟನೆ ಆ ತಿಂಗಳು ಮುಗಿಯುವ ಅಮಾವಾಸ್ಯೆಗೆ ಸ್ವಲ್ಪ ಮೊದಲು ನಡೆದದ್ದು. ನಾನು ಓದುತ್ತ ಓದುತ್ತ ಒಂದು ವಾಕ್ಯವನ್ನು ತಪ್ಪಾಗಿ ಓದಿದೆ, ಇಂಗ್ ಬರಬೇಕಾದಲ್ಲಿ ಟು ಹಾಕಿದೆ, ಅವರ ಕೈಯ ಚಮಚ ಮೇಲೆಯೇ ನಿಂತಿತು, ಅವರು ನನ್ನನ್ನು ತಿದ್ದಿದರು. ಹೀಗೆಂದು ಅವರ ಹೇಳಿಕೆ. ನನಗೆ ಆ ದಿನದ ಕೂಲರ್ ಸದ್ದು ನೆನಪಿದೆ, ಬಿಸಿಲು ನೆನಪಿದೆ, ಇದೊಂದು ನೆನಪಿಲ್ಲ.

ಪರೀಕ್ಷೆ ಕಲಬುರಗಿಯಲ್ಲಿ. ಅಣ್ಣನಿಗೆ ರಜೆ ಸಿಗದೆ ನಾನೇ ಕರೆದುಕೊಂಡು ಹೋದೆ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾದೆ. ಹೊರಗೆ ಬಂದ ವೈನಿಯ ಮುಖದಲ್ಲಿ ಬೆವರು, ಅವಮಾನ, ನಗು ಮೂರೂ ಇದ್ದವು.

“ಹ್ಯಾಂಗಾತು ವೈನಿ?”

“ಮೊದಲ ನೀರು ಕೊಡು.” ಅರ್ಧ ಬಾಟಲಿ ಕುಡಿದರು. “ಇಂಗ್ಲಿಷ್ ಬಂದ ಕೂಡಲೇ ನನ್ನ ಬೆರಳು ಸುಮ್ನ ಕುಂದ್ರಲಿಲ್ಲ ನೋಡು. ಬೆಂಚಿನ ಮ್ಯಾಲ ಟಕ್ ಟಕ್ ಅಂತ ಬಡೀಲಿಕತ್ತಿದ್ದೆ. ನನಗ ಖಬರೇ ಇಲ್ಲ. ಕಾವಲಿದ್ದ ಮೇಡಂ ಬಂದು ನಿಂತು, ಏನಮ್ಮಾ, ಹಿಂದಿನವರಿಗಿ ಸಿಗ್ನಲ್ ಕೊಡಾಕತ್ತೀಯೇನು, ಎಷ್ಟನೇ ಉತ್ತರ ಅಂತ? ಅಂದ್ರು. ಪೇಪರ್ ಕಸಗೋಬೇಕಂತಿದ್ರು.”

“ನೀವು ಏನಂದ್ರಿ?”

“ಏನನ್ನಲಿ? ನಮ್ಮಪ್ಪ ಕಲ್ಲು ಬಡೀತಿದ್ದ ಅಂತ ಹೇಳಲೇನು? ತಪ್ಪಾತ್ರಿ ಮೇಡಂ ಅಂತ ಎಡಗೈ ಮ್ಯಾಲ ಕುಂತಬಿಟ್ಟೆ. ಕಡೀತನ ಹಂಗೇ ಕುಂತು ಬರದೆ. ಈಗ ಕೈ ನೋಡು, ಜೋಮು ಹಿಡದದ.”

ಫಲಿತಾಂಶ ಬರುವ ತನಕ ಮನೆಯಲ್ಲಿ ಯಾರೂ ಇಂಗ್ಲಿಷಿನ ಹೆಸರೆತ್ತಲಿಲ್ಲ. ಫರಸಿಯ ತುಂಡು ಮಾತ್ರ ಒಲೆಯ ಪಕ್ಕದಲ್ಲಿ ಗೋಡೆಗೊರಗಿ ನಿಂತೇ ಇತ್ತು.

ಪಾಸಾದರು. ಹಿಂದೆ ಎರಡು ಸಲ ಮುಳುಗಿಸಿದ ಇಂಗ್ಲಿಷೇ ಈ ಸಲ ದಡ ಸೇರಿಸಿತ್ತು. ಇದಕ್ಕೆ ಕಲ್ಲು ಬಡಿಯುವ ಪದ್ಧತಿಯೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ದಿನಕ್ಕೆ ನೂರು ವಾಕ್ಯ ಯಾವ ರೀತಿಯಲ್ಲಿ ಓದಿದ್ದರೂ ಆಗುತ್ತಿತ್ತೇನೋ. ಪ್ರಶ್ನೆಗಳು ಸುಲಭ ಇದ್ದವೇನೋ. ಒಬ್ಬರು ಪಾಸಾದ ಮಾತ್ರಕ್ಕೆ ಏನೂ ಸಿದ್ಧವಾಗುವುದಿಲ್ಲ ಎಂದು ನನ್ನ ಓದು ಹೇಳುತ್ತದೆ. ಆದರೂ ಅಂದಿನಿಂದ ನಾನು ಬೋರ್ಡಿನ ಮೇಲೆ ತಪ್ಪು ವಾಕ್ಯ ಬರೆದು ಅಡ್ಡ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ.

ಮುಂದಿನ ನೇಮಕಾತಿಯಲ್ಲಿ, ವಯೋಮಿತಿಯ ಕೊನೆಯ ಅಂಚಿನಲ್ಲಿ, ವೈನಿಗೆ ಸೇಡಂ ತಾಲ್ಲೂಕಿನ ಒಂದು ಶಾಲೆ ಸಿಕ್ಕಿತು. ಹೋದ ವರ್ಷ ನೋಡಲು ಹೋಗಿದ್ದೆ. ಅವರ ಮೇಜಿನ ಮೇಲೆ ಅದೇ ಫರಸಿಯ ತುಂಡು. ಮಕ್ಕಳು ಓದಿದ ವಾಕ್ಯ ಸರಿಯಿದ್ದರೆ ಟಣ್. ಸರಿಯಿಲ್ಲದಿದ್ದರೆ ಬೈಗುಳವಿಲ್ಲ, ಅಡ್ಡ ಗೆರೆಯಿಲ್ಲ, ಸುಮ್ಮನೆ ಸದ್ದಿಲ್ಲ. ಮಕ್ಕಳು ತಾವೇ ಮತ್ತೆ ಓದುತ್ತಿದ್ದರು. ಊಟದ ಬಿಡುವಿನಲ್ಲಿ ವೈನಿ ತಮ್ಮ ಸಹಶಿಕ್ಷಕಿಯರಿಗೆ ನನ್ನನ್ನು ತೋರಿಸಿ, “ನನಗ ಇಂಗ್ಲಿಷ್ ಕಲಸಿದಾವ ಇವನೇ ರೀ. ಇವನ ಗಲತಿ ನಾನು ಹಿಡದೀನಿ,” ಎಂದರು. ಎಲ್ಲರೂ ನಕ್ಕರು.

“ಸುಳ್ಳು, ಹಂಗೇನೂ ಆಗಿಲ್ರಿ,” ಎಂದೆ.

“ಹೋದ ಸಲ ಬೇಕಂತಲೇ ಓದಿದ್ದೆ ಅಂದಿದ್ದಿ. ಈ ಸಲ ಆಗೇ ಇಲ್ಲ ಅಂತಿ. ಯಾವುದು ಟಣ್, ಯಾವುದು ಥಪ್, ನೀನೇ ಹೇಳು ತಮ್ಮಾ.”

ಆ ಪ್ರಶ್ನೆ ಚಿಂಚೋಳಿಯ ಬಸ್ಸಿನಲ್ಲಿ ನನ್ನ ಜೊತೆಯೇ ಬಂತು. ಅವರಿಗೆ ಅದು ತಮಾಷೆಯಲ್ಲ ಎಂದು ದಾರಿಯಲ್ಲಿ ಅರ್ಥವಾಯಿತು. ಪರೀಕ್ಷೆಗೆ ಹೋಗುವ ಮೊದಲು ತಮ್ಮ ಕಿವಿ ತಯಾರಾಗಿದೆ ಎಂದು ಅವರಿಗೆ ಧೈರ್ಯ ಬಂದದ್ದು ಆ ಒಂದು ಕ್ಷಣದಿಂದ. ನಾನು ಅಲ್ಲಗಳೆದಾಗಲೆಲ್ಲ ಅದನ್ನು ಅವರಿಂದ ಕಸಿಯುತ್ತಿದ್ದೆ.

ಕಳೆದ ತಿಂಗಳು ವಾಡಿಗೆ ಹೋದಾಗ ಅಣ್ಣನ ಕಪಾಟಿನಲ್ಲಿ ವೈನಿಯ ಹಳೆಯ ಮೊಬೈಲ್ ಸಿಕ್ಕಿತು. ಬ್ಯಾಟರಿ ಉಬ್ಬಿ ಹಾಳಾಗಿತ್ತು, ಒಳಗಿನ ಮೆಮೊರಿ ಕಾರ್ಡ್ ಚೆನ್ನಾಗಿತ್ತು. ಅದನ್ನು ಚಿಂಚೋಳಿಯ ನನ್ನ ಕೋಣೆಗೆ ತಂದು, ಎರಡು ಭಾನುವಾರ ಕುಳಿತು ಎಲ್ಲವನ್ನೂ ಕೇಳಿದೆ. ನನ್ನ ನೆನಪು ಹಲವು ಕಡೆ ಜಾರಿತ್ತು. ಕೂಲರ್ ಸದ್ದು ಎಲ್ಲಿಯೂ ಇಲ್ಲ, ಇರುವುದು ತಗಡಿನ ಮೇಲೆ ಬೀಳುವ ಮಳೆಯ ಸದ್ದು. ಅಣ್ಣ ಗಂಟೆಯ ಮಾತಾಡಿದ್ದು ಒಮ್ಮೆ ಮಾತ್ರ. ಆದರೆ ಒಂದು ವಿಷಯವನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೇನೆ. ಪರೀಕ್ಷೆಗೆ ಹನ್ನೊಂದು ದಿನ ಮೊದಲಿನ ರೆಕಾರ್ಡಿನಲ್ಲಿ ನಾನು ಟಣ್, ಟಣ್ ಎನ್ನಿಸಿಕೊಳ್ಳುತ್ತ ಸರಾಗವಾಗಿ ಓದಿಕೊಂಡು ಹೋಗುತ್ತೇನೆ. ಒಂದು ವಾಕ್ಯದಲ್ಲಿ ಇಂಗ್ ಬರಬೇಕಾದಲ್ಲಿ ಟು ಹಾಕಿ, ತಡೆಯದೆ ಮುಂದಿನದಕ್ಕೆ ಹೋಗುತ್ತೇನೆ. ಪರೀಕ್ಷಿಸುವವನ ಕಳ್ಳನಗು ನನ್ನ ದನಿಯಲ್ಲಿಲ್ಲ. “ತಮ್ಮಾ, ನಿಂದರು. ಹಿಂದಿನದು ಇನ್ನೊಮ್ಮೆ ಓದು,” ಎಂಬ ವೈನಿಯ ದನಿ ಕೇಳಿಸುತ್ತದೆ. ಮೂರು ಸಲ ಹಿಂದೆ ಸರಿಸಿ ಕೇಳಿದೆ. ನನ್ನ ಆ ವಾಕ್ಯದ ನಂತರ ಮಳೆಯ ಸದ್ದಿದೆ, ಕಲ್ಲಿನ ಸದ್ದಿಲ್ಲ.